ಕೈಮರವೂ ಬಿಲ್ಲೆಯೂ: ‘ಸೆಮಫೋರ್’ ಎಂಬ ಪರಿಭಾಷೆಯ ವಿಚಾರ

ಒಂದು ಶಾಸ್ತ್ರವು ಪರಭಾಷೆಯಿಂದ ನಮ್ಮ ಭಾಷೆಗೆ ಬರುವಾಗ ಮುಂದಾಗಿ ಬರತಕ್ಕವು ಅದರ ಪಾರಿಭಾಷಿಕ ಶಬ್ದಗಳು. ಶಬ್ದಕ್ಕೆ ಶಬ್ದವನ್ನು ಕೊಟ್ಟುಬಿಟ್ಟರೆ ಶಾಸ್ತ್ರವೂ ಬಂದಂತಾಯಿತೆಂದು ನಂಬುವವರು ನಮ್ಮಲ್ಲಿ ಕಡಮೆಯಿಲ್ಲ. ಈ ನಂಬಿಕೆ ಎಷ್ಟು ಸಡಿಲವಾದುದೆಂಬುದನ್ನು ಒಂದು ಶಬ್ದವನ್ನು ಹಿಡಿದು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಆ ಶಬ್ದವು ಗಣಕಶಾಸ್ತ್ರದಲ್ಲಿ ಬಳಕೆಯಲ್ಲಿರುವ ‘ಸೆಮಫೋರ್’.

ವಿಷಯವು ಸಾಹಿತ್ಯಕ್ಕೆ ದೂರವಾದುದೆಂದು ವಾಚಕರು ತಳ್ಳಿಹಾಕಲಾಗದು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇಂಜಿನಿಯರಿಂಗ್ ಪಾಠಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಹೇಳಬಹುದೆಂದು ಅನುಮತಿಯನ್ನು ಕೊಟ್ಟಿತು. ಬಾಗಿಲೇನೋ ತೆರೆಯಿತು; ಒಳಗೆ ಹೋಗತಕ್ಕ ಮಾತುಗಳನ್ನು ಸಿದ್ಧಪಡಿಸುವವರು ಯಾರು? ಬಳ್ಳಾರಿಯ ಸಮೀಪದ ನಮ್ಮ ಹಲಕುಂದಿಯಲ್ಲಿ ಗಣಕಶಾಸ್ತ್ರದ ಅಧ್ಯಾಪಕರೊಬ್ಬರು ನನ್ನನ್ನು ಕೇಳಿದುದೂ ಇದನ್ನೇ: “ಸೆಮಫೋರಿಗೆ ಕನ್ನಡದಲ್ಲಿ ‘ಕೈಮರ’ವೆಂದರೆ ಸಾಲದೆ, ಶಾಸ್ತ್ರಿಗಳೇ?” ನಾನು ವ್ಯಾಕರಣವನ್ನೂ ಸ್ವಲ್ಪ ನ್ಯಾಯವನ್ನೂ ಪಾಠಶಾಲೆಯಲ್ಲಿ ಓದಿದವನು, ಯಂತ್ರವನ್ನು ಕಟ್ಟುವ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ನನಗಿಲ್ಲ. ಆದರೆ ಪ್ರಬಂಧವನ್ನು ಪ್ರಬಂಧವಾಗಿ ಓದಿ ಅದರ ಪರಿಭಾಷೆಯನ್ನು ಒರೆಹಚ್ಚುವ ಅಧಿಕಾರ ಸಾಹಿತ್ಯದವರಿಗೆ ಇದ್ದೇ ಇದೆ. ಆದಕಾರಣ ಆ ಶಬ್ದಕ್ಕೆ ಆಕರವಾದ ಗ್ರಂಥವನ್ನೇ ತರಿಸಿ ಓದಿದೆನು. ಅದು ಹಾಲೆಂಡಿನ ಎಡ್ಸ್ಗರ್ ಡೈಕ್‌ಸ್ಟ್ರಾ ಎಂಬ ವಿದ್ವಾಂಸನು ಐಂಡ್‌ಹೋವನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದಾಗ 1965ರಲ್ಲಿ ಬರೆದ ‘ಕೋಆಪರೇಟಿಂಗ್ ಸೀಕ್ವೆನ್ಷಿಯಲ್ ಪ್ರೋಸೆಸಸ್’, ಎಂದರೆ ‘ಸಹಕರಿಸುವ ಅನುಕ್ರಮಪ್ರಕ್ರಿಯೆಗಳು’ ಎಂಬ ದೀರ್ಘ ಪ್ರಬಂಧ. 1930ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ಈತನ ಬರಹಗಳಲ್ಲಿ ಇದಕ್ಕೆ ಮೂಲಗ್ರಂಥದ ಗೌರವ ಸಂದಿದೆ.

ಮೊದಲು ವಿಷಯವೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗಣಕಯಂತ್ರಕ್ಕೆ ಬರೆದುಕೊಡುವ ಆಜ್ಞೆಗಳ ಸರಣಿಗೆ ಕ್ರಮವಿಧಿಯೆಂದು ಹೆಸರು. ಒಂದೇ ಕ್ರಮವಿಧಿಯೊಳಗೆ ಹಲವು ಆಜ್ಞಾಸರಣಿಗಳು ಏಕಕಾಲದಲ್ಲಿ ನಡೆಯುವಂತೆ ಏರ್ಪಡಿಸಬಹುದು. ಅಂತಹ ಒಂದೊಂದು ಸರಣಿಯೂ ಒಂದೊಂದು ‘ಎಳೆ’. ಹತ್ತಿ ಬೆಳೆಯುವ ಸೀಮೆಯವರಾದ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಗಳು ಬೇರೆಬೇರೆಯಾದರೂ ಅವು ಮುಟ್ಟುವ ಸಾಮಗ್ರಿ ಒಂದೇ. ತೊಂದರೆಯೆಲ್ಲ ಇಲ್ಲಿಯೇ. ಒಂದು ಸಹಕಾರ ಸಂಘದ ಲೆಕ್ಕದ ಪುಸ್ತಕದಲ್ಲಿ 100 ರೂಪಾಯಿ ಶಿಲ್ಕು ಇದೆಯೆಂದು ಭಾವಿಸಿರಿ. ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ತಿಳಿಯದಂತೆ ಅದನ್ನು ನೋಡಿಕೊಂಡು ಹೋಗಿ, ತಮ್ಮ ತಮ್ಮಲ್ಲಿ ಬಂದ 10 ರೂಪಾಯಿಯನ್ನು ಕೂಡಿಸಿ, ಹಿಂದಿರುಗಿ ಬಂದು ಶಿಲ್ಕನ್ನು ತಿದ್ದಿದರು. ಮೊದಲನೆಯವನು 110 ಎಂದು ಬರೆದನು. ಎರಡನೆಯವನೂ 110 ಎಂದೇ ಬರೆದನು. ಬಂದ ಹಣ 20, ಏರಿದ ಶಿಲ್ಕು 10. ಕೂಡಿಸುವುದರಲ್ಲಿ ಇಬ್ಬರೂ ತಪ್ಪಲಿಲ್ಲ, ಇಬ್ಬರೂ ಪ್ರಾಮಾಣಿಕರು. ತಪ್ಪಿರುವುದು ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಬಿದ್ದ ಬಿರುಕಿನಲ್ಲಿ. ಇನ್ನೂ ವಿಷಮವಾದುದೆಂದರೆ, ಈ ತಪ್ಪು ಎಲ್ಲ ದಿನವೂ ಆಗುವುದಿಲ್ಲ. ಇಬ್ಬರೂ ಒಂದೇ ಗಳಿಗೆಗೆ ಬಂದ ದಿನ ಮಾತ್ರ ಆಗುತ್ತದೆ. ನೂರು ಸಲ ಪರೀಕ್ಷಿಸಿ ಸರಿಯೆಂದ ಕ್ರಮವಿಧಿ ನೂರ ಒಂದನೆಯ ಸಲ ಕೆಡುತ್ತದೆ. ಪ್ರಯೋಗದಿಂದ ಇದನ್ನು ಸಾಧಿಸಲಾಗದು, ಯುಕ್ತಿಯಿಂದಲೇ ಸಾಧಿಸಬೇಕೆಂದು ಡೈಕ್‌ಸ್ಟ್ರಾ ಹಟ ಹಿಡಿದುದು ಈ ಕಾರಣದಿಂದ.

ನೋಡುವುದು ಮೊದಲಾಗಿ ಬರೆಯುವುದು ಕಡೆಯಾಗಿ ಯಾರೂ ನಡುವೆ ಬರಬಾರದ ಈ ಭಾಗಕ್ಕೆ ಇಂಗ್ಲಿಷಿನಲ್ಲಿ ‘ಕ್ರಿಟಿಕಲ್ ಸೆಕ್ಷನ್’ ಎಂದು ಹೆಸರು. ನಿಘಂಟನ್ನು ನೋಡಿ ಶಬ್ದ ಕೊಡುವವರ ಕೈಗೆ ಸಿಕ್ಕಿದರೆ ಇದು ‘ವಿಮರ್ಶಾತ್ಮಕ ವಿಭಾಗ’ವಾಗಿ ಬಿಡುತ್ತದೆ. ವಿಮರ್ಶಕರಾದ ನಮಗೆ ಅಲ್ಲಿ ಯಾವ ಕೆಲಸವೂ ಇಲ್ಲ! ಇಲ್ಲಿನ ‘ಕ್ರಿಟಿಕಲ್’ ವೈದ್ಯರು ರೋಗಿಯ ಅವಸ್ಥೆಯನ್ನು ಕುರಿತು ಹೇಳುವ ಮಾತಿಗೆ ಹತ್ತಿರವಾದುದು. ಆಯುರ್ವೇದದವರ ‘ಮರ್ಮ’ ಶಬ್ದ ನಮ್ಮಲ್ಲಿರುವಾಗ ಬೇರೆ ಕಡೆ ಹುಡುಕುವುದೇಕೆ? ಮರ್ಮಭಾಗವೆಂದರೆ ಪೆಟ್ಟು ತಗುಲಬಾರದ ಭಾಗ. ಅದನ್ನೇ ಈ ಲೇಖನದಲ್ಲಿ ಬಳಸುತ್ತೇನೆ.

ಇನ್ನು ಪ್ರಬಂಧದ ರೀತಿ. ಗ್ರಂಥಕರ್ತನು ತನ್ನ ಸಿದ್ಧಾಂತವನ್ನು ಮೊದಲಿಗೇ ಸಾರುವುದಿಲ್ಲ. ಎರಡು ಪ್ರಕ್ರಿಯೆಗಳಲ್ಲಿ ಒಂದು ಮಾತ್ರ ಮರ್ಮಭಾಗದಲ್ಲಿ ಇರುವಂತೆ ಮಾಡುವುದು ಹೇಗೆಂದು ಪ್ರಶ್ನೆಯನ್ನು ಹಾಕಿ, ತೋರಿಕೆಗೆ ಸರಿಯಾದ ಉಪಾಯಗಳನ್ನು ಒಂದರ ಮೇಲೊಂದು ತಂದು ಒಂದೊಂದನ್ನೂ ಕೆಡವುತ್ತಾನೆ. ನಮ್ಮ ವಾದಗ್ರಂಥಗಳಲ್ಲಿ ಪೂರ್ವಪಕ್ಷಗಳನ್ನು ನಿಲ್ಲಿಸುವ ಕ್ರಮಕ್ಕೂ ಇದಕ್ಕೂ ಹೋಲಿಕೆ ಹತ್ತಿರವಾದುದು. ಮೊದಲನೆಯ ಉಪಾಯ ಪಾಳಿ: ಒಮ್ಮೆ ನೀನು, ಒಮ್ಮೆ ನಾನು. ಘರ್ಷಣೆಯೇನೋ ತಪ್ಪಿತು, ಆದರೆ ಒಬ್ಬನಿಗೆ ಕೆಲಸವೇ ಇಲ್ಲದೆ ಅವನು ಬಾರದಿದ್ದರೆ ಇನ್ನೊಬ್ಬನು ಬರಿದೆ ಕಾದು ಕುಳಿತಿರಬೇಕು. ಎರಡನೆಯದು: ಎದುರಿನವನು ಒಳಗಿಲ್ಲವೆಂದು ನೋಡಿಕೊಂಡು ‘ನಾನು ಒಳಗಿದ್ದೇನೆ’ ಎಂದು ಗುರುತು ಹಾಕುವುದು. ಇಬ್ಬರೂ ಒಟ್ಟಿಗೆ ನೋಡಿದರೆ ಇಬ್ಬರೂ ಒಳಗೆ. ಗುಮಾಸ್ತರ ಕಥೆಯೇ ಮರಳಿ ಬಂದಿತು. ಮೂರನೆಯದು ಇದರ ವಿಪರ್ಯಾಸ: ಮೊದಲು ಗುರುತು ಹಾಕಿ ಆಮೇಲೆ ನೋಡುವುದು. ಈಗ ಇಬ್ಬರೂ ಗುರುತು ಹಾಕಿ ಇಬ್ಬರೂ ಹೊರಗೆ ಉಳಿಯಬಹುದು, ಎಂದೆಂದಿಗೂ. ನಾಲ್ಕನೆಯದರಲ್ಲಿ ಎದುರಿನವನ ಗುರುತು ಕಂಡರೆ ತನ್ನ ಗುರುತನ್ನು ಅಳಿಸಿ ಹಿಂದೆ ಸರಿಯುವ ಸೌಜನ್ಯವನ್ನು ಸೇರಿಸಿದೆ. ಮದುವೆಮನೆಯ ಬಾಗಿಲಲ್ಲಿ ಇಬ್ಬರು ದೊಡ್ಡವರು ‘ತಾವು ಮುಂದೆ’, ‘ತಾವೇ ಮುಂದೆ’ ಎನ್ನುತ್ತ ನಿಂತುಬಿಟ್ಟರೆ ಆಗುವುದು ಅಲ್ಲಿಯೂ ಆಗುತ್ತದೆ. ಕೊನೆಗೆ ಡೆಕ್ಕರ್ ಎಂಬ ಡಚ್ ಗಣಿತಜ್ಞನ ಪರಿಹಾರ ಬರುತ್ತದೆ. ಅದು ಸೌಜನ್ಯವನ್ನೂ ಪಾಳಿಯನ್ನೂ ಕೂಡಿಸಿದುದು: ಇಬ್ಬರೂ ಬಯಸಿದಾಗ ಮಾತ್ರ ಪಾಳಿಯನ್ನು ನೋಡು, ಒಬ್ಬನೇ ಬಯಸಿದಾಗ ಅದನ್ನು ಕೇಳಬೇಡ.

ಈ ಭಾಗವನ್ನು ನಾನು ಪ್ರಬಂಧದ ಅತ್ಯುತ್ತಮ ಭಾಗವೆಂದು ಎಣಿಸುತ್ತೇನೆ. ತಪ್ಪಾದ ಉತ್ತರಗಳನ್ನು ನಾಚಿಕೆಯಿಂದ ಬಚ್ಚಿಡದೆ ಸಾಲಾಗಿ ತೋರಿಸಿ, ಒಂದೊಂದು ತಪ್ಪಿನಿಂದ ಒಂದೊಂದು ಗುಣವನ್ನು ಕಲಿಸಿ, ಸರಿಯಾದ ಉತ್ತರವು ಬರುವ ವೇಳೆಗೆ ಓದುಗನೇ ಅದನ್ನು ಬೇಡುವಂತೆ ಮಾಡುವ ಕೌಶಲ ಎಲ್ಲ ಶಾಸ್ತ್ರಕಾರರಿಗೂ ಬಂದುದಲ್ಲ. ನಮ್ಮ ಪಠ್ಯಪುಸ್ತಕಗಳನ್ನು ಬರೆಯುವವರು ಸಿದ್ಧಾಂತವನ್ನು ಮಾತ್ರ ಮುದ್ರಿಸಿ ಪೂರ್ವಪಕ್ಷವನ್ನು ಕತ್ತರಿಸುತ್ತಾರೆ. ವಿದ್ಯಾರ್ಥಿಯು ಉತ್ತರವನ್ನು ಬಾಯಿಪಾಠ ಮಾಡುತ್ತಾನೆ, ಪ್ರಶ್ನೆ ಅವನಿಗೆ ಕಾಣುವುದೇ ಇಲ್ಲ.

ಡೆಕ್ಕರನ ಪರಿಹಾರ ನಿರ್ದುಷ್ಟವಾದರೂ ಗ್ರಂಥಕರ್ತನಿಗೆ ತೃಪ್ತಿಯಿಲ್ಲ. ಕಾಯುವವನು ಸುಮ್ಮನೆ ಕಾಯುವುದಿಲ್ಲ. ‘ಆಯಿತೇ, ಆಯಿತೇ’ ಎಂದು ಮತ್ತೆ ಮತ್ತೆ ಕೇಳುತ್ತಿರುತ್ತಾನೆ. ಹೀಗೆ ಕೇಳುವುದರಲ್ಲಿಯೇ ಯಂತ್ರದ ಕಾಲ ವ್ಯಯವಾಗುತ್ತದೆ. ನಮ್ಮ ಹಳ್ಳಿಗಳ ಹಿಟ್ಟಿನ ಗಿರಣಿಯಲ್ಲಿ ಜನ ಹಾಗೆ ಮಾಡುವುದಿಲ್ಲ. ಜೋಳದ ಡಬ್ಬಿಯನ್ನು ಪಾಳಿಯಲ್ಲಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಪಾಳಿ ಬಂದಾಗ ಗಿರಣಿಯವನು ಕೂಗುತ್ತಾನೆ. ಕಾಯುವುದನ್ನು ನಿದ್ರೆಯನ್ನಾಗಿಯೂ ಬಿಡುವುದನ್ನು ಎಚ್ಚರಿಸುವ ಕೂಗನ್ನಾಗಿಯೂ ಮಾಡುವ ಸಾಧನವೇ ಬೇಕಾದುದು. ಆ ಸಾಧನವೇ ಸೆಮಫೋರ್.

ಅದರ ಸ್ವರೂಪ ಬಹು ಸರಳ. ಅದೊಂದು ಪೂರ್ಣಾಂಕ, ಸೊನ್ನೆಗಿಂತ ಕೆಳಗೆ ಇಳಿಯತಕ್ಕದ್ದಲ್ಲ. ಅದನ್ನು ಮುಟ್ಟುವುದಕ್ಕೆ ಎರಡೇ ಕ್ರಿಯೆಗಳು. ‘ಪಿ’ ಎಂಬುದು ಅದರಲ್ಲಿ ಒಂದನ್ನು ಕಳೆಯುತ್ತದೆ. ಕಳೆಯಲು ಇಲ್ಲದಿದ್ದರೆ, ಆಗುವವರೆಗೆ ಆ ಎಳೆಯನ್ನು ನಿಲ್ಲಿಸುತ್ತದೆ. ‘ವಿ’ ಎಂಬುದು ಒಂದನ್ನು ಕೂಡಿಸುತ್ತದೆ. ನಿಂತವರಲ್ಲಿ ಒಬ್ಬನು ಮುಂದೆ ಹೋಗಲು ಅದರಿಂದ ಅವಕಾಶವಾಗುತ್ತದೆ. ಅಂಕವು 1ರಿಂದ ಮೊದಲಾದರೆ ಒಂದೇ ಎಳೆಗೆ ಪ್ರವೇಶ; 5ರಿಂದ ಮೊದಲಾದರೆ ಐದಕ್ಕೆ. ಒಂದು ಗ್ರಂಥಭಂಡಾರದಲ್ಲಿ ಒಂದು ಪುಸ್ತಕದ ಐದು ಪ್ರತಿಗಳಿದ್ದಂತೆ: ಆರನೆಯ ಓದುಗನು ಬಂದಾಗ ಯಾವ ಪ್ರತಿ ಹಿಂದಿರುಗಿ ಬಂದರೂ ಅವನಿಗೆ ಸಾಕು.

ಇದರಲ್ಲಿ ಹೊಸದೇನೆಂದು ಕೇಳುವವರಿಗೆ ಉತ್ತರ ಒಂದೇ ಮಾತಿನಲ್ಲಿದೆ. ಈ ಎರಡು ಕ್ರಿಯೆಗಳೂ ಅವಿಭಾಜ್ಯ. ‘ಇದೆಯೇ’ ಎಂದು ನೋಡುವುದೂ ‘ತೆಗೆದುಕೊಂಡೆ’ ಎಂದು ಕಳೆಯುವುದೂ ಎರಡಲ್ಲ, ಒಂದು. ಅವುಗಳ ನಡುವೆ ಇನ್ನೊಬ್ಬನು ತೂರುವುದಕ್ಕೆ ಸಂದಿಯಿಲ್ಲ. ಗುಮಾಸ್ತರ ಕಥೆಯಲ್ಲಿ ಕೆಟ್ಟುದು ಯಾವುದೋ ಅದನ್ನೇ ಇಲ್ಲಿ ಕಟ್ಟಿಹಾಕಿದೆ. ಈ ಅವಿಭಾಜ್ಯತೆಯನ್ನು ತೆಗೆದರೆ ಸೆಮಫೋರು ಬರಿಯ ಅಂಕ; ಲೆಕ್ಕದ ಪುಸ್ತಕದ ಶಿಲ್ಕಿಗಿಂತ ಅದಕ್ಕೆ ಹೆಚ್ಚಿನ ಯೋಗ್ಯತೆಯಿಲ್ಲ.

ಇಲ್ಲಿಗೆ ಹೆಸರಿನ ವಿಚಾರ ಬಂದಿತು. ‘ಸೆಮಫೋರ್’ ಎಂಬುದು ಗ್ರೀಕ್ ಮಾತುಗಳಿಂದ ಕಟ್ಟಿದ ಸಮಾಸ. ಸಂಜ್ಞೆಯನ್ನು ಹೊರುವುದು ಎಂದರ್ಥ. 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕ್ಲೋಡ್ ಶಾಪ್ ಎಂಬವನು ಎತ್ತರವಾದ ಗೋಪುರಗಳ ಮೇಲೆ ಮರದ ತೋಳುಗಳನ್ನು ನಿಲ್ಲಿಸಿ, ಅವುಗಳ ಭಂಗಿಯಿಂದ ಊರಿಂದೂರಿಗೆ ಸುದ್ದಿ ಕಳುಹಿಸುವ ಏರ್ಪಾಡನ್ನು ಮಾಡಿದನು. 19ನೆಯ ಶತಮಾನದಲ್ಲಿ ರೈಲಿನವರು ಆ ತೋಳನ್ನು ತಮ್ಮ ಕಂಬಕ್ಕೆ ತಂದರು. ಡೈಕ್‌ಸ್ಟ್ರಾ ತನ್ನ ಡಚ್ ಟಿಪ್ಪಣಿಗಳಲ್ಲಿ ಬಳಸಿದ ‘ಸೈನ್‌ಪಾಲ್’ ಎಂಬ ಮಾತಿಗೂ ಸಂಜ್ಞೆಯ ಕಂಬವೆಂದೇ ಅರ್ಥ. ಕನ್ನಡದಲ್ಲಿ ದಾರಿ ಕವಲೊಡೆಯುವ ಕಡೆ ಊರುಗಳನ್ನು ತೋರಿಸುವ ಕಂಬಕ್ಕೆ ಕೈಮರ, ಕೈಕಂಬ ಎಂಬ ಹೆಸರುಗಳು ಹಳೆಯವು. ಅವು ಊರಿನ ಹೆಸರುಗಳೂ ಆಗಿವೆ. ರೈಲು ಬಂದ ಮೇಲೆ ಅದರ ತೋಳುಗಂಬವನ್ನೂ ಜನ ಕೈಮರವೆಂದೇ ಕರೆದರು. ಶಬ್ದವಾಗಿ ನೋಡಿದರೆ ಇದಕ್ಕಿಂತ ಚೆನ್ನಾದ ಭಾಷಾಂತರ ದೊರೆಯಲಾರದು. ಗ್ರೀಕಿನ ಸಮಾಸಕ್ಕಿಂತಲೂ ನಮ್ಮದು ಕಣ್ಣಿಗೆ ಕಟ್ಟುವಂತಹುದು.

ಆದರೆ ಕೈಮರ ಮಾಡುವುದೇನು? ತೋರಿಸುತ್ತದೆ, ಅಷ್ಟೇ. ಅದು ತಡೆಯುವುದೂ ಇಲ್ಲ, ಎಣಿಸುವುದೂ ಇಲ್ಲ. ಕೈಮರವನ್ನು ನೋಡುವುದು ಒಂದು ಕ್ರಿಯೆ, ಹಳಿಗೆ ಇಳಿಯುವುದು ಇನ್ನೊಂದು. ಎರಡರ ನಡುವೆ ಕಾಲವಿದೆ. ಎಂದರೆ ಯಾವ ಬಿರುಕನ್ನು ಮುಚ್ಚುವುದು ಈ ಸಾಧನದ ಪ್ರಾಣವೋ ಅದೇ ಬಿರುಕು ಹೆಸರಿನ ಉಪಮಾನದಲ್ಲಿ ಬಾಯಿ ತೆರೆದುಕೊಂಡಿದೆ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಉಪಮಾನಕ್ಕೂ ಉಪಮೇಯಕ್ಕೂ ಸಾಧಾರಣಧರ್ಮವೇ ಕೆಟ್ಟಿದೆ.

ರೈಲಿನವರೇ ಒಂಟಿಹಳಿಯಲ್ಲಿ ಕೈಮರವೊಂದನ್ನೇ ನಂಬಲಿಲ್ಲವೆಂಬುದು ಗಮನಾರ್ಹವಾದುದು. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಗದಗುಗಳ ಮೇಲೆ ಹುಬ್ಬಳ್ಳಿಗೆ ಹೋಗುವ ಮಾರ್ಗವೂ ಬಳ್ಳಾರಿಯಿಂದ ರಾಯದುರ್ಗಕ್ಕೆ ಹೋಗುವ ಮಾರ್ಗವೂ ಹಿಂದೆ ಮೀಟರ್ ಗೇಜಿನ ಒಂಟಿಹಳಿಗಳಾಗಿದ್ದುವು. ಒಂದೇ ಹಳಿಯ ಮೇಲೆ ಎರಡು ದಿಕ್ಕಿನ ಗಾಡಿಗಳು ನಡೆಯಬೇಕು. ಭಾರತದ ಇಂತಹ ಒಂಟಿಹಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ನೀಲ್ ಎಂಬವನ ಟೋಕನ್ ಯಂತ್ರ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಎರಡು ಯಂತ್ರಗಳು. ಅವುಗಳಿಗೆ ತಂತಿಯ ಸಂಬಂಧ. ಒಳಗೆ ಲೋಹದ ಗೋಲಗಳು. ಒಂದು ಗೋಲ ಹೊರಕ್ಕೆ ಬಂದಿತೆಂದರೆ, ಅದು ಆ ಕಡೆಯ ಯಂತ್ರದಲ್ಲಿಯೋ ಈ ಕಡೆಯ ಯಂತ್ರದಲ್ಲಿಯೋ ಮರಳಿ ಬೀಳುವವರೆಗೆ ಎರಡರಿಂದಲೂ ಇನ್ನೊಂದು ಗೋಲ ಹೊರಡದು. ಆ ಗೋಲವನ್ನು ಚೀಲದಲ್ಲಿಟ್ಟು ಬೆತ್ತದ ಬಳೆಗೆ ಸೇರಿಸಿ ಚಾಲಕನ ಕೈಗೆ ಕೊಡುತ್ತಿದ್ದರು. ನಿಲ್ಲದೆ ಹೋಗುವ ಗಾಡಿಯ ಚಾಲಕನು ಕೈಯನ್ನು ಹೊರಗೆ ಚಾಚಿ ಆ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುವುದನ್ನು ಕಂಡವರು ಇನ್ನೂ ಇದ್ದಾರೆ. ಗೋಲ ಕೈಯಲ್ಲಿದ್ದವನಿಗೆ ಹಳಿ, ಇಲ್ಲದವನಿಗೆ ಇಲ್ಲ. ಇಲ್ಲಿ ನೋಡುವುದೂ ಪಡೆಯುವುದೂ ಬೇರೆಬೇರೆಯಲ್ಲ: ಗೋಲ ಬಂದುದೇ ಅನುಮತಿ, ಗೋಲವಿಲ್ಲದಿರುವುದೇ ನಿಷೇಧ.

ಆದುದರಿಂದ ಮರ್ಮಭಾಗವನ್ನು ಕಾಯುವ ಸೆಮಫೋರಿಗೆ ಸರಿಯಾದ ಉಪಮಾನ ಕೈಮರವಲ್ಲ, ಟೋಕನ್. ನಮ್ಮ ಮಾತಿನಲ್ಲಿ ಬಿಲ್ಲೆ. ಸೆಮಫೋರಿನ ಅಂಕವೆಂದರೆ ಪೆಟ್ಟಿಗೆಯಲ್ಲಿ ಉಳಿದಿರುವ ಬಿಲ್ಲೆಗಳ ಸಂಖ್ಯೆ. ಅಧ್ಯಾಪಕರು ಹೀಗೆ ಹೇಳಿಕೊಟ್ಟರೆ ‘ಸೊನ್ನೆಗಿಂತ ಕೆಳಗೆ ಇಳಿಯದು’ ಎಂಬ ನಿಯಮವನ್ನು ಬೇರೆಯಾಗಿ ವಿವರಿಸಬೇಕಾಗಿಯೇ ಇಲ್ಲ.

ಹಾಗಾದರೆ ಕೈಮರವನ್ನು ಕಿತ್ತು ಬಿಲ್ಲೆಯನ್ನು ನೆಡೋಣವೆ? ಅವಸರ ಕೂಡದು. ಗ್ರಂಥದಲ್ಲಿ ಸೆಮಫೋರಿಗೆ ಇನ್ನೊಂದು ವಿನಿಯೋಗವೂ ಇದೆ. ಒಬ್ಬನು ವಸ್ತುವನ್ನು ಸಿದ್ಧಮಾಡುತ್ತಾನೆ, ಇನ್ನೊಬ್ಬನು ಬಳಸುತ್ತಾನೆ. ಸಿದ್ಧಮಾಡುವವನು ಒಂದೊಂದು ವಸ್ತುವನ್ನು ಇಟ್ಟಾಗಲೂ ‘ವಿ’ ಮಾಡುತ್ತಾನೆ. ಬಳಸುವವನು ತೆಗೆಯುವುದಕ್ಕೆ ಮುಂಚೆ ‘ಪಿ’ ಮಾಡುತ್ತಾನೆ. ಇಲ್ಲಿ ಯಾರೂ ಯಾರನ್ನೂ ಹೊರಗಿಡುತ್ತಿಲ್ಲ. ಒಬ್ಬನು ಇನ್ನೊಬ್ಬನಿಗೆ ‘ಬಂದಿದೆ’ ಎಂದು ತಿಳಿಸುತ್ತಿದ್ದಾನೆ. ಇದು ಸಂಜ್ಞೆಯೇ, ಕೈಮರದ ಕೆಲಸವೇ. ಬಿಲ್ಲೆಯನ್ನು ಪಡೆಯದವನು ಬಿಲ್ಲೆಯನ್ನು ಹಾಕುತ್ತಾ ಹೋಗುವ ಈ ವ್ಯವಹಾರವು ಬಿಲ್ಲೆಯ ಉಪಮೆಗೆ ಸ್ವಲ್ಪ ಎಳೆದಾಟವಾಗುತ್ತದೆ. ಒಂದೇ ಸಾಧನಕ್ಕೆ ಎರಡು ವಿನಿಯೋಗಗಳು, ಎರಡು ಉಪಮಾನಗಳು. ಯಾವ ಒಂದು ಕನ್ನಡ ಹೆಸರನ್ನು ಕೊಟ್ಟರೂ ಅದು ಇನ್ನೊಂದು ವಿನಿಯೋಗವನ್ನು ಮರೆಸುತ್ತದೆ. ಹೀಗಿರುವಲ್ಲಿ ನನ್ನ ಅಭಿಪ್ರಾಯವು ಸ್ಪಷ್ಟವಾಗಿದೆ: ನಾಮಪದ ‘ಸೆಮಫೋರ್’ ಎಂದೇ ನಿಲ್ಲಲಿ. ರೈಲು, ಟಿಕೇಟುಗಳನ್ನು ಜೀರ್ಣಿಸಿಕೊಂಡ ಭಾಷೆಗೆ ಇದೊಂದು ಭಾರವಲ್ಲ. ಅಪರಿಚಿತವಾದ ಹೆಸರು ವಿದ್ಯಾರ್ಥಿಯನ್ನು ಅರ್ಥ ಕೇಳುವಂತೆ ಮಾಡುತ್ತದೆ. ಪರಿಚಿತವಾದ ಕೈಮರವು ಅರ್ಥ ತಿಳಿಯಿತೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ತತ್ಸಮಗಳನ್ನು ನಮ್ಮ ಹಿರಿಯರು ಉಳಿಸಿಕೊಂಡುದು ಅಚ್ಚಗನ್ನಡ ಬಾರದೆ ಅಲ್ಲ.

ಇಲ್ಲಿ ಒಂದು ಪ್ರಾಸಂಗಿಕ ವಿಷಯ. ಇಂತಹ ಚರ್ಚೆ ಬಂದಾಗಲೆಲ್ಲ ‘ಇದೆಲ್ಲವೂ ನಮ್ಮಲ್ಲಿ ಹಿಂದೆಯೇ ಇತ್ತು’ ಎನ್ನುವ ಒಂದು ಪಂಗಡ ಏಳುತ್ತದೆ. ಅವರಿಗೆ ಸಾಮಗ್ರಿಯನ್ನು ನಾನೇ ಒದಗಿಸಬಲ್ಲೆ. ನ್ಯಾಯಸೂತ್ರಕಾರನಾದ ಗೌತಮನು ಮನಸ್ಸಿದೆಯೆಂಬುದಕ್ಕೆ ಹೇಳುವ ಲಿಂಗವೇನು? ಇಂದ್ರಿಯಗಳು ಹಲವು, ವಿಷಯಗಳು ಹಲವು. ಆದರೂ ಜ್ಞಾನಗಳು ಏಕಕಾಲದಲ್ಲಿ ಹುಟ್ಟುವುದಿಲ್ಲ. ಅಣುರೂಪವಾದ ಮನಸ್ಸು ಒಂದು ವೇಳೆಗೆ ಒಂದು ಇಂದ್ರಿಯದೊಡನೆ ಮಾತ್ರ ಸೇರಬಲ್ಲುದರಿಂದ ಹೀಗೆ. ಐದು ಇಂದ್ರಿಯಗಳಿಗೆ ಒಂದೇ ಬಿಲ್ಲೆ! ಇನ್ನು ಪಾಣಿನಿ: ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳ ಕಾರ್ಯಗಳು ಹಿಂದಿನ ಸೂತ್ರಗಳ ದೃಷ್ಟಿಗೆ ಅಸಿದ್ಧ, ಎಂದರೆ ಆಗಿದ್ದರೂ ಆಗದಂತೆ. ಮರ್ಮಭಾಗದೊಳಗಿನ ಅರೆಗೆಲಸವೂ ಹೊರಗಿನ ಎಳೆಗಳಿಗೆ ಹೀಗೆಯೇ ಅಸಿದ್ಧವಾಗಿರತಕ್ಕದ್ದು. ಹೋಲಿಕೆಗಳು ಚೆನ್ನಾಗಿವೆ, ಪಾಠ ಹೇಳುವಾಗ ಬಳಸಿಕೊಳ್ಳಬಹುದು. ಆದರೆ ಗೌತಮನ ಪ್ರಶ್ನೆ ಜ್ಞಾನದ್ದು, ಪಾಣಿನಿಯದು ಶಬ್ದಸಿದ್ಧಿಯದು. ಯಾರೂ ಯಂತ್ರದ ಎಳೆಗಳನ್ನು ಕುರಿತು ಬರೆಯಲಿಲ್ಲ. ಹೋಲಿಕೆಯನ್ನು ಚರಿತ್ರೆಯೆಂದು ಮಾರುವವರು ಗೌತಮನಿಗೂ ಅಪಚಾರ ಮಾಡುತ್ತಾರೆ, ಡೈಕ್‌ಸ್ಟ್ರಾನಿಗೂ ಮಾಡುತ್ತಾರೆ.

ಹೋಲಿಕೆ ಇನ್ನೂ ಆಳವಾಗಿ ನಿಲ್ಲುವುದು ಒಂದು ಕಡೆ. ಎರಡು ಸೆಮಫೋರುಗಳಿದ್ದಾಗ ಒಂದು ಎಳೆಯು ಮೊದಲನೆಯದನ್ನು ಹಿಡಿದು ಎರಡನೆಯದಕ್ಕೆ ಕಾಯುತ್ತಿದೆ. ಇನ್ನೊಂದು ಎಳೆಯು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತಿದೆ. ಎರಡೂ ಚಲಿಸಲಾರವು. ಗ್ರಂಥಕರ್ತನು ಇದನ್ನು ‘ಮಾರಕವಾದ ಆಲಿಂಗನ’ವೆಂದು ಹೆಸರಿಸಿ, ಸಾಲ ಕೊಡುವ ಬ್ಯಾಂಕಿನವನ ಜಾಣತನದಿಂದ ಅದನ್ನು ತಪ್ಪಿಸುವ ಒಂದು ಉಪಾಯವನ್ನು ಕೊನೆಯ ಭಾಗದಲ್ಲಿ ವಿವರಿಸಿದ್ದಾನೆ: ಎಲ್ಲ ಸಾಲಗಾರರೂ ಒಬ್ಬರಾದ ಮೇಲೊಬ್ಬರು ತಮ್ಮ ವ್ಯವಹಾರವನ್ನು ಮುಗಿಸಲು ದಾರಿ ಉಳಿದಿರುವ ಪಕ್ಷದಲ್ಲಿ ಮಾತ್ರ ಹೊಸ ಸಾಲವನ್ನು ಕೊಡುವುದು. ನಮ್ಮವರು ಇಂತಹ ಸ್ಥಿತಿಗೆ ಅನ್ಯೋನ್ಯಾಶ್ರಯವೆನ್ನುತ್ತಾರೆ. ಮೂರು ಸೇರಿದರೆ ಚಕ್ರಕ. ಆದರೆ ತಾರ್ಕಿಕರು ಅನ್ಯೋನ್ಯಾಶ್ರಯವನ್ನು ಉತ್ಪತ್ತಿಯಲ್ಲಿ, ಸ್ಥಿತಿಯಲ್ಲಿ, ಜ್ಞಪ್ತಿಯಲ್ಲಿ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ನಾವು ವಾದದಲ್ಲಿ ಹೆಚ್ಚಾಗಿ ಆಪಾದಿಸುವುದು ಮೂರನೆಯದನ್ನು. ಯಂತ್ರದಲ್ಲಿ ಸಂಭವಿಸುವುದು ಮೊದಲನೆಯ ಜಾತಿಯದು: ಇದು ನಡೆಯಲು ಅದು ನಡೆಯಬೇಕು, ಅದು ನಡೆಯಲು ಇದು ನಡೆಯಬೇಕು. ವಾದದಲ್ಲಿ ಅನ್ಯೋನ್ಯಾಶ್ರಯ ಬಂದರೆ ಪಕ್ಷವು ಬೀಳುತ್ತದೆ; ಯಂತ್ರದಲ್ಲಿ ಬಂದರೆ ಬೀಳುವುದೂ ಇಲ್ಲ, ಏಳುವುದೂ ಇಲ್ಲ, ಸದ್ದಿಲ್ಲದೆ ನಿಂತುಬಿಡುತ್ತದೆ. ಆದಕಾರಣ ಇದಕ್ಕೆ ‘ಅನ್ಯೋನ್ಯರೋಧ’ವೆಂಬ ಹೆಸರು ಹೆಚ್ಚು 適ವೆನ್ನದೆ ಯುಕ್ತವೆಂದು ತೋರುತ್ತದೆ.

ಇದನ್ನು ಬೋಧಿಸಲು ಪಾಶ್ಚಾತ್ಯರು ಐವರು ತತ್ತ್ವಜ್ಞಾನಿಗಳ ಊಟದ ಕಥೆಯನ್ನು ಹೇಳುತ್ತಾರೆ: ದುಂಡುಮೇಜು, ಐದು ಮುಳ್ಳುಚಮಚಗಳು, ಒಬ್ಬೊಬ್ಬನಿಗೂ ಎರಡೆರಡು ಬೇಕು, ಎಲ್ಲರೂ ಒಂದೊಂದನ್ನು ಹಿಡಿದು ಉಪವಾಸ ಬೀಳುತ್ತಾರೆ. ಸಮಸ್ಯೆ ಡೈಕ್‌ಸ್ಟ್ರಾನದು, ತತ್ತ್ವಜ್ಞಾನಿಗಳ ವೇಷ ಹೋರ್ ಎಂಬ ವಿದ್ವಾಂಸನು ತೊಡಿಸಿದುದು. ಕೈಯಲ್ಲಿ ಉಣ್ಣುವ ನಮ್ಮ ಮಕ್ಕಳಿಗೆ ಒಬ್ಬನಿಗೆ ಎರಡು ಮುಳ್ಳುಚಮಚವೇಕೆಂಬುದೇ ದೊಡ್ಡ ಸಮಸ್ಯೆಯಾಗುತ್ತದೆ. ಪಾಠಶಾಲೆಯ ಉದಾಹರಣೆ ಇದಕ್ಕಿಂತ ಸಹಜ. ರಘುವಂಶದ ಮೂಲಪ್ರತಿ ಒಂದು, ಮಲ್ಲಿನಾಥನ ಸಂಜೀವಿನಿಯ ಪ್ರತಿ ಒಂದು, ವಿದ್ಯಾರ್ಥಿಗಳಿಬ್ಬರು. ಒಬ್ಬನು ಮೂಲವನ್ನು ಹಿಡಿದು ವ್ಯಾಖ್ಯಾನಕ್ಕೆ ಕಾಯುತ್ತಾನೆ, ಇನ್ನೊಬ್ಬನು ವ್ಯಾಖ್ಯಾನವನ್ನು ಹಿಡಿದು ಮೂಲಕ್ಕೆ. ಪಾಠ ನಿಂತಿತು. ಪರಿಹಾರವೂ ಅಲ್ಲಿಯೇ ಇದೆ: ಮೂಲವನ್ನು ಪಡೆಯದವನು ವ್ಯಾಖ್ಯಾನವನ್ನು ಮುಟ್ಟಕೂಡದು. ಎಲ್ಲರೂ ಒಂದೇ ಕ್ರಮದಲ್ಲಿ ಪಡೆದರೆ ಚಕ್ರವು ಕೂಡಿಕೊಳ್ಳಲಾರದು. ಕ್ರಮವಿಧಿಗಳನ್ನು ಬರೆಯುವವರೂ ಸಾಮಗ್ರಿಗಳಿಗೆ ಅನುಕ್ರಮವನ್ನು ಕಟ್ಟಿ ಅನ್ಯೋನ್ಯರೋಧವನ್ನು ತಪ್ಪಿಸುತ್ತಾರೆ.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳತಕ್ಕದ್ದು ನ್ಯಾಯ. ಎರಡು ನನಗೆ ತೋರಿವೆ.

ಒಂದು, ‘ವಿ’ ಆದಾಗ ಕಾಯುತ್ತಿರುವವರಲ್ಲಿ ಯಾರು ಮುಂದೆ ಹೋಗತಕ್ಕವರೆಂಬುದನ್ನು ಗ್ರಂಥಕರ್ತನು ಅನಿರ್ದಿಷ್ಟವಾಗಿ ಬಿಟ್ಟಿದ್ದಾನೆ. ಸಾಮಾನ್ಯವಿಧಿಯನ್ನು ಹೇಳುವವನು ವಿಶೇಷಕ್ಕೆ ಕೈಹಾಕಬಾರದೆಂಬ ಸಮಾಧಾನ ಇದಕ್ಕಿದೆ. ಆದರೆ ಅನಿರ್ದಿಷ್ಟವೆಂಬುದು ವ್ಯವಹಾರದಲ್ಲಿ ಬಲಿಷ್ಠರ ಪಾಲಾಗುವುದನ್ನು ತುಂಗಭದ್ರೆಯ ಕಾಲುವೆಗಳ ಸೀಮೆಯವರು ಬಲ್ಲರು. ಕಾಲುವೆಯಲ್ಲಿ ನೀರಿದೆ, ತೂಬು ತೆರೆದಿದೆ, ಕಾನೂನಿನ ಪ್ರಕಾರ ಎಲ್ಲರಿಗೂ ಹಕ್ಕಿದೆ. ಕೊನೆಭಾಗದ ರೈತನ ಹೊಲಕ್ಕೆ ಮಾತ್ರ ನೀರು ಬರಲಿಲ್ಲ. ಅಲ್ಲಿ ಅನ್ಯೋನ್ಯರೋಧವಿಲ್ಲ, ನೀರು ಹರಿಯುತ್ತಲೇ ಇದೆ, ಬೇರೆಯವರಿಗೆ. ಇಂಗ್ಲಿಷಿನವರು ಈ ದೋಷಕ್ಕೆ ಹಸಿವಿನಿಂದ ಸಾಯುವುದೆಂಬ ಹೆಸರಿಟ್ಟಿದ್ದಾರೆ. ನಮ್ಮ ಕಡೆಯ ಮಾತಿನಲ್ಲಿ ಇದು ‘ಪಾಳಿ ತಪ್ಪುವುದು’. ಈಗಿನ ಕೆಲವು ಭಾಷೆಗಳಲ್ಲಿ, ಉದಾಹರಣೆಗೆ ಜಾವಾದಲ್ಲಿ, ಬಂದ ಕ್ರಮದಲ್ಲಿಯೇ ಬಿಡುವ ಸೆಮಫೋರನ್ನು ಬೇಕೆಂದು ಕೇಳಿ ಪಡೆಯಬಹುದು. ಕೇಳದಿದ್ದರೆ ಅದು ಸಿಕ್ಕುವುದಿಲ್ಲ.

ಇನ್ನೊಂದು, ಸೆಮಫೋರಿಗೆ ಒಡೆಯನಿಲ್ಲ. ‘ಪಿ’ ಮಾಡಿದವನೇ ‘ವಿ’ ಮಾಡಬೇಕೆಂಬ ಕಟ್ಟಳೆ ಅದರೊಳಗೆ ಇಲ್ಲ. ಸಂಜ್ಞೆಯ ವಿನಿಯೋಗಕ್ಕೆ ಇದು ಗುಣ; ಮರ್ಮಭಾಗದ ರಕ್ಷಣೆಗೆ ಅಪಾಯ. ಒಂದು ‘ವಿ’ಯನ್ನು ಮರೆತರೆ ಎಲ್ಲರೂ ಹೊರಗೆ; ಒಂದು ‘ವಿ’ ಹೆಚ್ಚಾದರೆ ಇಬ್ಬರು ಒಳಗೆ. ಎಲ್ಲ ಭಾರವೂ ಬರೆಯುವವನ ಶ್ರದ್ಧೆಯ ಮೇಲೆ. 1970ರ ದಶಕದಲ್ಲಿ ಬ್ರಿಂಚ್ ಹಾನ್ಸೆನ್, ಹೋರ್ ಇವರುಗಳು ‘ಮಾನಿಟರ್’ ಎಂಬ ರಚನೆಯನ್ನು ಕಂಡುಹಿಡಿದು, ಸಾಮಗ್ರಿಯನ್ನೂ ಅದರ ಕಾವಲನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟುದು ಈ ದೋಷದ ಪರಿಹಾರಕ್ಕಾಗಿ. ಒಡೆಯನುಳ್ಳ ಬೀಗವನ್ನು ‘ಮ್ಯೂಟೆಕ್ಸ್’ ಎಂದು ಬೇರೆಯಾಗಿ ಕರೆಯುವ ವಾಡಿಕೆಯೂ ಬಂದಿದೆ. ಒಡೆತನ ಏತಕ್ಕೆ ಬೇಕೆಂಬುದು 1997ರಲ್ಲಿ ಮಂಗಳಗ್ರಹದ ಮೇಲೆ ತಿಳಿದುಬಂದಿತು. ಆ ವರ್ಷದ ಜುಲೈ 4ರಂದು ಅಲ್ಲಿ ಇಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಗಣಕವು ತಾನಾಗಿಯೇ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗತೊಡಗಿತು. ಹವಾಮಾನದ ಲೆಕ್ಕವಿಡುವ ಕೆಳದರ್ಜೆಯ ಕೆಲಸವು ಬೀಗವನ್ನು ಹಿಡಿದಿತ್ತು. ಮೇಲುದರ್ಜೆಯ ಕೆಲಸವು ಅದಕ್ಕಾಗಿ ಕಾದಿತ್ತು. ಬೀಗಕ್ಕೆ ಸಂಬಂಧವೇ ಇಲ್ಲದ ನಡುದರ್ಜೆಯ ಕೆಲಸವು ಕೆಳದರ್ಜೆಯದನ್ನು ತಳ್ಳಿ ಓಡುತ್ತಿತ್ತು. ಹೀಗೆ ಮೇಲಿನವನು ನಡುವಿನವನಿಗೆ ಕಾಯುವಂತಾಯಿತು. ಬೀಗ ಹಿಡಿದವನು ಯಾರೆಂದು ತಿಳಿದಿದ್ದುದರಿಂದ, ಅದನ್ನು ಬಿಡುವವರೆಗೆ ಅವನಿಗೆ ಕಾಯುವವನ ದರ್ಜೆಯನ್ನೇ ಕೊಡುವ ಏರ್ಪಾಡನ್ನು ಭೂಮಿಯಿಂದಲೇ ಕಳುಹಿಸಿ ಸರಿಪಡಿಸಿದರು. ಒಡೆಯನಿಲ್ಲದ ಬರಿಯ ಸೆಮಫೋರಿನಲ್ಲಿ ದರ್ಜೆಯನ್ನು ಯಾರಿಗೆ ಕೊಡುವುದು?

ಕಡೆಯದಾಗಿ ಎರಡು ಕ್ರಿಯೆಗಳ ಹೆಸರು. ‘ಪಿ’, ‘ವಿ’ ಎಂಬವು ಡಚ್ ಮಾತುಗಳ ಮೊದಲಕ್ಷರಗಳು. ಹಾದುಹೋಗು ಮತ್ತು ಬಿಟ್ಟುಕೊಡು ಎಂಬ ಅರ್ಥದ ಮಾತುಗಳೆಂದು ಒಂದು ವಿವರಣೆ. ತಗ್ಗಿಸಲು ಯತ್ನಿಸು ಎಂಬುದಕ್ಕಾಗಿ ಹೊಸದಾಗಿ ಕಟ್ಟಿದ ಒಂದು ಮಾತು ಮತ್ತು ಏರಿಸು ಎಂಬ ಮಾತು ಎಂದು ಇನ್ನೊಂದು. ಮುಂದಿನವರು ಇವನ್ನು ‘ವೇಯ್ಟ್–ಸಿಗ್ನಲ್’ ಎಂದರು, ‘ಡೌನ್–ಅಪ್’ ಎಂದರು, ‘ಅಕ್ವೈರ್–ರಿಲೀಸ್’ ಎಂದರು. ಒಂದೊಂದು ಹೆಸರೂ ಒಂದೊಂದು ವ್ಯಾಖ್ಯಾನ: ಮೊದಲನೆಯದು ಕೈಮರದ ಪಕ್ಷ, ಎರಡನೆಯದು ಅಂಕದ ಪಕ್ಷ, ಮೂರನೆಯದು ಬಿಲ್ಲೆಯ ಪಕ್ಷ. ಕನ್ನಡದಲ್ಲಿ ‘ಹಿಡಿ’, ‘ಬಿಡು’ ಎಂಬ ಜೋಡಿ ನಾಲಗೆಯ ತುದಿಯಲ್ಲಿಯೇ ಇದೆ. ಹಳಗನ್ನಡದ ‘ಪಿಡಿ’ಯನ್ನು ನೆನೆದರೆ ಡಚ್ಚರ ಅಕ್ಷರವೂ ಉಳಿಯಿತು, ಬಕಾರ ವಕಾರಗಳಿಗೆ ಭೇದವಿಲ್ಲವೆಂಬ ವೈಯಾಕರಣರ ಮಾತಿನಿಂದ ಎರಡನೆಯದಕ್ಕೂ ಸಮಾಧಾನ ಹೇಳಬಹುದು. ಎಚ್ಚರವಿರಬೇಕಾದುದು ಸಮಾಸದಲ್ಲಿ ಮಾತ್ರ. ‘ಕೈ’ ಎಂಬುದನ್ನು ಹಿಂದೆ ಸೇರಿಸಿದರೆ ಆದೇಶಸಂಧಿಯಿಂದ ‘ಪಿಡಿ’ಯೂ ‘ವಿಡಿ’ಯಾಗಿ, ಪಿ ಯಾವುದು ವಿ ಯಾವುದೆಂಬುದೇ ತಿಳಿಯದೆ ಹೋದೀತು. ಆದುದರಿಂದ ಪಾಠದಲ್ಲಿ ಬಿಡಿಯಾಗಿ, ಹೊಸಗನ್ನಡದಲ್ಲಿ, ‘ಹಿಡಿ’ ಮತ್ತು ‘ಬಿಡು’ ಎಂದೇ ಬಳಸಬಹುದೆಂದು ಆ ಅಧ್ಯಾಪಕರಿಗೆ ಬರೆದು ಕಳುಹಿಸಿದ್ದೇನೆ.